ರೀಪು: ಒಂದು ಮಾತಿನ ಮನೆತನ

ಕಳೆದ ಮಾಘಮಾಸದಲ್ಲಿ ಉಡುಪಿ ಸೀಮೆಯ ನಮ್ಮ ಹಳೆಯ ಮನೆಯ ಮಾಡನ್ನು ಇಳಿಸಬೇಕಾಯಿತು. ಅಜ್ಜನ ಕಾಲದ ಮನೆ. ವಾಸಿಸುವವರಿಲ್ಲದೆ ಐದಾರು ಮಳೆಗಾಲಗಳು ಕಳೆದಿದ್ದವು. ಗೆದ್ದಲು ಒಳಗೊಳಗೇ ತನ್ನ ಕೆಲಸ ಮಾಡಿ, ಪಡುವಣ ಮೂಲೆಯ ಹೆಂಚುಗಳು ಒಂದೊಂದಾಗಿ ಜಾರತೊಡಗಿದ್ದವು. ನೆರೆಯವರು ಎರಡು ಸಲ ಫೋನು ಮಾಡಿ ಎಚ್ಚರಿಸಿದ ಮೇಲೆ, ಕಾಲೇಜಿಗೆ ನಾಲ್ಕು ದಿನ ರಜೆ ಹಾಕಿ ನಾನು ಊರಿಗೆ ಹೋದೆ.

ಕೆಲಸಕ್ಕೆ ಬಂದವರು ನಮ್ಮ ಊರಿನ ಆಚಾರ್ರು. ವಯಸ್ಸು ಎಪ್ಪತ್ತು ದಾಟಿದೆ. ಆ ಮನೆಯ ಮರಗೆಲಸ ಮಾಡಿದವರು ಅವರ ಅಜ್ಜನೇ. ಮನೆಮಾತು ತುಳುವಾದರೂ, ನಾನು ಕನ್ನಡ ಕಲಿಸುವವನೆಂಬ ಮರ್ಯಾದೆಯಿಂದಲೋ ಏನೋ, ನನ್ನೊಡನೆ ಅವರು ಯಾವಾಗಲೂ ಕನ್ನಡವನ್ನೇ ಆಡುವರು. ಹೆಂಚುಗಳನ್ನೆಲ್ಲ ಇಳಿಸಿಯಾದ ಮೇಲೆ ಏಣಿಯ ತುದಿಯಲ್ಲಿ ನಿಂತು ಕೂಗಿ ಹೇಳಿದರು: “ಮಾಷ್ಟ್ರೇ, ರೀಪು ಎಲ್ಲ ಹೋಗಿದೆ. ಪಕ್ಕಾಸು ಮಾತ್ರ ಕಲ್ಲಿನ ಹಾಗೆ ಉಂಟು.”

ಸುಮ್ಮನಿರಬಹುದಾಗಿತ್ತು. ಆದರೆ ಪಾಠ ಹೇಳುವವನ ನಾಲಗೆ ಅಷ್ಟು ಸುಲಭವಾಗಿ ಸುಮ್ಮನಿರುವುದಿಲ್ಲ. “ರೀಪು ಎಂಬುದು ಇಂಗ್ಲಿಷ್ ಮಾತಲ್ಲವೇ ಆಚಾರ್ರೇ? ನಮ್ಮಲ್ಲಿ ಅದಕ್ಕೆ ಏನು ಹೇಳುತ್ತಿದ್ದರು?” ಎಂದು ಕೇಳಿದೆ.

ಅವರು ನಿಧಾನವಾಗಿ ಏಣಿ ಇಳಿದು, ಬಾಯಿಯ ಎಲೆಯಡಿಕೆಯನ್ನು ಬಾಳೆಬುಡಕ್ಕೆ ಉಗಿದು ಬಂದರು. “ನಮ್ಮ ಅಜ್ಜ ಸಹ ರೀಪು ಅಂತಲೇ ಹೇಳ್ತಿದ್ದದ್ದು. ಅವರಿಗೆ ಹೆಬ್ಬೆಟ್ಟು ಬಿಟ್ಟರೆ ಬೇರೆ ಅಕ್ಷರ ಇರಲಿಲ್ಲ. ಇಂಗ್ಲಿಷು ಎಲ್ಲಿಂದ ಬರ್ಬೇಕು?” ಎಂದರು. ಸ್ವಲ್ಪ ತಡೆದು, ನಗುತ್ತಲೇ ಇನ್ನೊಂದು ಮಾತು ಸೇರಿಸಿದರು: “ನಮ್ಮ ಮಗನ ಬರವಣಿಗೆಯಲ್ಲಿಯೂ ನೀವು ಅದಕ್ಕೆ ಗೀಟು ಹಾಕಿದ್ದಿರಂತಲ್ಲ.”

ನನಗೆ ಕೂಡಲೇ ನೆನಪಾಯಿತು. ಆ ಹುಡುಗ ನನ್ನ ವಿದ್ಯಾರ್ಥಿಯಾಗಿದ್ದು ಹತ್ತು ಹನ್ನೆರಡು ವರ್ಷಗಳ ಹಿಂದೆ. ಮೊದಲ ವರ್ಷದ ತರಗತಿಗೆ ‘ನಮ್ಮ ಮನೆ’ ಎಂಬ ಪ್ರಬಂಧವನ್ನು ಬರೆಯಲು ಕೊಟ್ಟಿದ್ದೆ. ಉಳಿದವರು ಮನೆಯೇ ಮೊದಲ ಪಾಠಶಾಲೆಯೆಂದೂ ತಾಯಿಯೇ ದೇವರೆಂದೂ ಬರೆದು ತಂದರು. ಈತನೊಬ್ಬನು ಮಾತ್ರ ತನ್ನ ತಂದೆ ಒಂದು ಮಾಡನ್ನು ಕಟ್ಟುವುದು ಹೇಗೆಂಬುದನ್ನು ಬುಡದಿಂದ ನೆತ್ತಿಯ ತನಕ ಬರೆದಿದ್ದ. ಆ ಬರವಣಿಗೆಯಲ್ಲಿ ‘ಪಕ್ಕಾಸು’ ಎಂಬ ಮಾತಿನ ಬದಿಗೆ ಪ್ರಶ್ನೆಯ ಚಿಹ್ನೆ ಹಾಕಿ, ‘ರೀಪು’ ಬಂದ ಕಡೆಯಲ್ಲೆಲ್ಲ ಕೆಂಪು ಗೀಟೆಳೆದು, ಅಂಚಿನಲ್ಲಿ “ಇಂಗ್ಲಿಷ್ ಪದ, ಕನ್ನಡದಲ್ಲಿ ಬರೆಯಬೇಕು” ಎಂದು ಸೂಚನೆ ಕೊಟ್ಟಿದ್ದೆ. ಹುಡುಗ ತಿದ್ದಿ ಬರೆದು ತಂದ. ರೀಪು ಇದ್ದಲ್ಲಿ ‘ಮರದ ಸಣ್ಣ ಪಟ್ಟಿ’ ಎಂದಿತ್ತು. ನಾನು ಸಂತೋಷಪಟ್ಟು ಒಂದು ಅಂಕ ಹೆಚ್ಚು ಕೊಟ್ಟೆ. ಆ ಮೇಲೆ ಅವನು ತಂದೆಯ ಕಸುಬಿನ ವಿಷಯವನ್ನು ನನ್ನ ತರಗತಿಯಲ್ಲಿ ಬರೆದದ್ದಿಲ್ಲ.

ಆಚಾರ್ರ ನಗುವಿನಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವರ ಅಜ್ಜನಿಗೆ ಇಂಗ್ಲಿಷು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕದೆ ನನಗೆ ಗತಿಯಿರಲಿಲ್ಲ. ಹುಡುಕಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ವಸ್ತುವಿನ ಪರಿಚಯವಾಗಲಿ. ತಾರಸಿಯ ಮನೆಗಳಲ್ಲಿ ಬೆಳೆದ ನಗರದ ಓದುಗರಿಗೆ ಇದು ಹೊಸದಾದೀತು. ಇಳಿಜಾರು ಮಾಡಿನ ನೆತ್ತಿಯಲ್ಲಿ ಉದ್ದಕ್ಕೆ ಒಂದು ತೊಲೆ ಮಲಗಿರುತ್ತದೆ. ಅಲ್ಲಿಂದ ಗೋಡೆಯ ಕಡೆಗೆ, ಬೆನ್ನುಹುರಿಯಿಂದ ಪಕ್ಕೆಲುಬುಗಳು ಇಳಿಯುವ ಹಾಗೆ, ಓರೆಯಾಗಿ ಇಳಿಯುವ ಮರಗಳೇ ಪಕ್ಕಾಸುಗಳು. ಮಲೆನಾಡಿನವರು ಪಕಾಸಿ ಎನ್ನುತ್ತಾರೆ. ಪಕ್ಕಾಸಿನ ಮೇಲೆ ಅಡ್ಡಲಾಗಿ, ಒಂದಕ್ಕೊಂದು ಸಮಾನಾಂತರವಾಗಿ, ಮೊಳೆಯಿಂದ ಬಡಿದ ತೆಳುವಾದ ಪಟ್ಟಿಗಳು ರೀಪುಗಳು. ಹೆಂಚು ಕೂರುವುದು ಈ ರೀಪಿನ ಮೇಲೆ. ತೊಲೆಯನ್ನು ನೋಡಿ ಮನೆಯ ಗಟ್ಟಿತನವನ್ನು ಅಳೆಯುತ್ತೇವೆ, ಪಕ್ಕಾಸಿನ ಮರ ಬೋಗಿಯೋ ಹೆಬ್ಬಲಸೋ ಎಂದು ವಿಚಾರಿಸುತ್ತೇವೆ. ರೀಪನ್ನು ಕೇಳುವವರಿಲ್ಲ. ಆದರೆ ಮಳೆಯ ನೀರು ಮೊದಲು ಒಳಗೆ ಬರುವುದು ರೀಪು ಸೋತಲ್ಲಿ.

ನಾನು ಅದನ್ನು ಇಂಗ್ಲಿಷೆಂದು ಭಾವಿಸಿದ್ದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಬೆಂಗಳೂರಿನ ಮರದ ಅಂಗಡಿಗಳಲ್ಲಿ ‘ರೀಪರ್’ ಎಂಬ ಮಾತು ದಿನವೂ ಕೇಳಿಬರುತ್ತದೆ. ಕಟ್ಟಡದ ಲೆಕ್ಕಪಟ್ಟಿಗಳಲ್ಲಿಯೂ ಅದೇ ಮಾತು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅದನ್ನು ಕಂಡು, ನಮ್ಮ ಬಡಗಿಗಳು ಕೊನೆಯ ಅಕ್ಷರವನ್ನು ನುಂಗಿ ‘ರೀಪು’ ಮಾಡಿಕೊಂಡರೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಪದವೊಂದನ್ನು ಅಚ್ಚಿನಲ್ಲಿ ಕಂಡ ಕಡೆಯೇ ಅದರ ತವರೆಂದು ತಿಳಿಯುವುದು ಓದು ಬರಹ ಬಲ್ಲವರ ದೌರ್ಬಲ್ಯ.

ತುಸು ಯೋಚಿಸಿದ್ದರೆ ಸಂಶಯ ಬರಬೇಕಿತ್ತು. ಕನ್ನಡಿಗರು ಇಂಗ್ಲಿಷಿನಿಂದ ‘ರ್’ ಕೊನೆಯಾಗಿರುವ ಮಾತುಗಳನ್ನು ತಂದುಕೊಂಡಾಗ ಆ ‘ರ’ಕಾರವನ್ನು ಬಿಡುವುದಿಲ್ಲ. ಡಾಕ್ಟರ್ ಎಂಬುದು ಡಾಕ್ಟರು, ಪೇಪರ್ ಎಂಬುದು ಪೇಪರು, ಮಾಸ್ಟರ್ ಎಂಬುದು ಮೇಷ್ಟ್ರು. ಆ ಪದ್ಧತಿಯಂತೆ ರೀಪರ್ ಎಂಬುದು ರೀಪರು ಆಗಬೇಕಾಗಿತ್ತೇ ಹೊರತು ರೀಪು ಆಗಲು ದಾರಿಯಿಲ್ಲ. ಕೊನೆಗೆ ಉಕಾರವೊಂದನ್ನು ಸೇರಿಸಿಕೊಳ್ಳುವುದು ನಮ್ಮ ಭಾಷೆಯ ಅಭ್ಯಾಸ. ಆ ಉಕಾರವನ್ನು ತೆಗೆದರೆ ಉಳಿಯುವುದು ‘ರೀಪ್’. ಹಾಗಾದರೆ ನಾವು ಹುಡುಕಬೇಕಾದದ್ದು ರೀಪ್ ಎಂಬ ಮಾತನ್ನು, ರೀಪರ್ ಎಂಬುದನ್ನಲ್ಲ.

ಇನ್ನೊಂದು ಸಂಗತಿಯೂ ಉಂಟು. ಇಂಗ್ಲೆಂಡಿನ ಬಡಗಿಗೆ ಈ ಮಾತು ತಿಳಿಯದು. ಅಲ್ಲಿ ಇದೇ ವಸ್ತುವಿಗೆ ‘ಬ್ಯಾಟನ್’ ಎಂದೋ ‘ಲಾತ್’ ಎಂದೋ ಹೇಳುತ್ತಾರೆ. ಅವರಿಗೆ ರೀಪರ್ ಎಂದರೆ ಪೈರು ಕೊಯ್ಯುವವನು. ಪೈರು ಕೊಯ್ಯುವವನು ನಮ್ಮ ಮಾಡಿನ ಮೇಲೆ ಹತ್ತಿದ್ದು ಹೇಗೆ?

ಈ ಪ್ರಶ್ನೆ ಹೊಸದಲ್ಲ. ಭಾರತದಲ್ಲಿದ್ದ ಆಂಗ್ಲರ ಬಾಯಲ್ಲಿ ಬಳಕೆಯಾದ ವಿಚಿತ್ರ ಮಾತುಗಳನ್ನೆಲ್ಲ ಕಲೆಹಾಕಿ ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು ವಿದ್ವಾಂಸರು ‘ಹಾಬ್ಸನ್–ಜಾಬ್ಸನ್’ ಎಂಬ ಕೋಶವನ್ನು ರಚಿಸಿದರು. 1886ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ರೀಪರ್ ಎಂಬ ಮಾತೂ ಸೇರಿದೆ. ಎಂದರೆ, ಅದು ತಮ್ಮ ದೇಶದ ಇಂಗ್ಲಿಷಲ್ಲ, ಇಲ್ಲಿಗೆ ಬಂದ ಮೇಲೆ ಹತ್ತಿಕೊಂಡ ಮಾತು ಎಂಬುದು ಆಂಗ್ಲ ವಿದ್ವಾಂಸರಿಗೇ ಆಗಲೇ ತಿಳಿದಿತ್ತು. ಹಿಂದಿಯ ನಿಘಂಟುಗಳಲ್ಲಿ ಅವರಿಗೆ ಅದು ಸಿಕ್ಕಲಿಲ್ಲ. ಮರಾಠಿಯ ನಿಘಂಟಿನಲ್ಲಿ ಮಾತ್ರ ಅದೇ ಅರ್ಥದಲ್ಲಿ ‘ರೀಪ್’ ಎಂಬುದು ದೊರೆಯಿತು. ನಾವು ಉಕಾರವನ್ನು ಕಳೆದು ಪಡೆದ ರೂಪವೇ ಇದು.

ಮರಾಠಿಗೆ ಅದು ಎಲ್ಲಿಂದ ಬಂತು? ಪಡುವಣ ಕಡಲಿನ ತೀರದಲ್ಲಿ ಮರಾಠಿಗೂ ಕೊಂಕಣಿಗೂ ಕನ್ನಡಕ್ಕೂ ತುಳುವಿಗೂ ಸಮಾನವಾಗಿ ಒಂದು ಮಾತು ಬಳಕೆಯಲ್ಲಿದ್ದು, ಅದಕ್ಕೆ ಸಂಸ್ಕೃತದ ಮೂಲವೂ ದ್ರಾವಿಡದ ಮೂಲವೂ ಕಾಣದಿದ್ದರೆ, ಹುಡುಕುವವನು ಗೋವೆಯ ಕಡೆಗೆ ಒಮ್ಮೆ ಮುಖಮಾಡಬೇಕು. ಪೋರ್ಚುಗೀಸ್ ಭಾಷೆಯಲ್ಲಿ ‘ರಿಪ’ ಎಂಬ ಮಾತಿದೆ. ಅದರ ಅರ್ಥ ಉದ್ದನೆಯ, ತೆಳುವಾದ ಮರದ ಪಟ್ಟಿ. ವಿಶೇಷವಾಗಿ, ಹೆಂಚನ್ನು ಹೊರುವುದಕ್ಕಾಗಿ ಮಾಡಿನ ಮೇಲೆ ಅಡ್ಡಲಾಗಿ ಬಡಿಯುವ ಪಟ್ಟಿ. ಅರ್ಥದಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಂದಿಗೂ ಪೋರ್ಚುಗಲ್ಲಿನ ಬಡಗಿ ನಮ್ಮ ಆಚಾರ್ರ ಮನೆಗೆ ಬಂದು ‘ರಿಪ’ ಎಂದರೆ, ಇವರು ಹಿಂದಿರುಗಿ ನೋಡದೆಯೇ ಸರಿಯಾದ ಪಟ್ಟಿಯನ್ನು ಎತ್ತಿ ಕೊಟ್ಟಾರು.

ಪೋರ್ಚುಗೀಸ್ ಮಾತುಗಳು ಏಷ್ಯದ ಭಾಷೆಗಳಲ್ಲಿ ಹೇಗೆ ಹರಡಿದವೆಂಬುದನ್ನು ದೊಡ್ಡ ಪ್ರಮಾಣದಲ್ಲಿ ಶೋಧಿಸಿದವರು ಗೋವೆಯಲ್ಲಿ ಹುಟ್ಟಿದ ಸೆಬಾಸ್ಟಿಯಾವ್ ರೊಡಾಲ್ಫೊ ದಲ್ಗಾದೊ ಎಂಬ ಪಾದ್ರಿಗಳು. ಅವರ ಕೋಶ 1913ರಲ್ಲಿ ಪೋರ್ಚುಗೀಸಿನಲ್ಲಿ ಪ್ರಕಟವಾಯಿತು. ಸೋರೆಸ್ ಎಂಬವರು ಮಾಡಿದ ಅದರ ಇಂಗ್ಲಿಷ್ ಅನುವಾದ 1936ರಲ್ಲಿ ಬರೋಡೆಯಿಂದ ಹೊರಬಂತು. ಆ ಪುಟಗಳನ್ನು ತಿರುವಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಡಲಾಚೆಯಿಂದ ಬಂದ ಭಾಷೆ ನಮ್ಮ ಕಾವ್ಯದೊಳಗೆ ಬರಲಿಲ್ಲ, ಶಾಸ್ತ್ರದೊಳಗೆ ಬರಲಿಲ್ಲ. ಅಡಿಗೆಮನೆ, ಪೆಟ್ಟಿಗೆ, ಬಾಗಿಲು, ಕೆಲಸಗಾರರ ಚೀಲ ಇವುಗಳ ಮೂಲಕ ಒಳಗೆ ಬಂತು.

ಈ ಬರವಿಗೆ ಅವಕಾಶ ಬೇಕಾದಷ್ಟಿತ್ತು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. 1568–69ರಲ್ಲಿ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಅವರ ಕೋಟೆಗಳೆದ್ದವು. ನಮ್ಮ ಕರಾವಳಿಯ ಅಕ್ಕಿ ಹಡಗುಗಳಲ್ಲಿ ಗೋವೆಗೆ ಹೋಗುತ್ತಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಹೊನ್ನಾವರ, ಗೇರುಸೊಪ್ಪೆಗಳ ದಾರಿಯಾಗಿ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದದ್ದುಂಟು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನು ಆ ಕೋಟೆಗಳನ್ನು ಕಿತ್ತುಕೊಂಡನು. ಆದರೆ ಕೋಟೆ ಹೋದರೂ ವ್ಯಾಪಾರ ನಿಲ್ಲಲಿಲ್ಲ. ಮುಂದೆ ಕೆಳದಿಯವರೇ ಅವರೊಡನೆ ಒಪ್ಪಂದಗಳನ್ನು ಮಾಡಿಕೊಂಡರು. ಇದರ ಜೊತೆಗೆ ಕೊಂಕಣಿಯಾಡುವ ಹಿಂದೂ ಮತ್ತು ಕ್ರೈಸ್ತ ಕುಟುಂಬಗಳು ಗೋವೆಯಿಂದ ತೆಂಕಣಕ್ಕೆ ಅಲೆಅಲೆಯಾಗಿ ಬಂದು ನೆಲೆಸಿದವು. ಮಾತು ಹೋಗಲಿಕ್ಕೆ ಕೋಟೆ ಬೇಕಾಗಿಲ್ಲ. ಇಬ್ಬರು ಕೂಡಿ ಒಂದು ಮನೆ ಕಟ್ಟಿದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪದ ಪೋರ್ಚುಗೀಸರದಾದ ಮಾತ್ರಕ್ಕೆ ಮಾಡೂ ಅವರದೆಂದು ಹೇಳಕೂಡದು. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಇಳಿಜಾರು ಮಾಡನ್ನು ಕಟ್ಟಲು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದದ್ದು 1430ರಲ್ಲಿ, ಪೋರ್ಚುಗೀಸರ ಹಡಗು ಈ ತೀರವನ್ನು ಕಾಣುವುದಕ್ಕೆ ಮೊದಲು. ಅದರ ಇಳಿಜಾರು ಮಾಡುಗಳನ್ನು ಕಂಡವರಿಗೆ ನಮ್ಮ ಬಡಗಿಗಳ ಪಳಗಿದ ಕೈಯ ಬಗ್ಗೆ ಅನುಮಾನ ಉಳಿಯದು. ಸಾಮಾನ್ಯರ ಮನೆಗಳಿಗೆ ಮುಳಿಹುಲ್ಲಿನ ಹೊದಿಕೆ. ಘಟ್ಟದ ಮೇಲೆ ಅಡಿಕೆಯ ಸೋಗೆ. ಆ ಹುಲ್ಲನ್ನು ಹೊರುವುದಕ್ಕೆ ಅಡಿಕೆಯ ಮರವನ್ನು ಸೀಳಿ ಮಾಡಿದ ದಬ್ಬೆಗಳನ್ನು ಹಗ್ಗದಿಂದ ಬಿಗಿದು ಕಟ್ಟುತ್ತಿದ್ದರು.

ಹಾಗಾದರೆ ‘ದಬ್ಬೆ’ ಎಂಬ ಮಾತಿರುವಾಗ ‘ರೀಪು’ ಏಕೆ ಬೇಕಾಯಿತು? ಈ ಪ್ರಶ್ನೆಯನ್ನು ನಾನು ಆಚಾರ್ರಿಗೇ ಹಾಕಿದೆ. ಅವರು ಅಂಗಳದಲ್ಲಿ ಬಿದ್ದಿದ್ದ ಒಂದು ರೀಪನ್ನು ಎತ್ತಿ ಕೈಗೆ ಕೊಟ್ಟರು. “ದಬ್ಬೆಯನ್ನು ಸೀಳುವುದು, ಇದನ್ನು ಕೊಯ್ಯುವುದು. ದಬ್ಬೆ ಹೇಗೆ ಬೇಕಾದರೂ ಇರ್ಲಿ, ಹುಲ್ಲು ಹೊಂದಿಕೊಳ್ತದೆ. ಹೆಂಚು ಹೊಂದಿಕೊಳ್ಳುವ ಜಾತಿ ಅಲ್ಲ.” ಇಷ್ಟೇ ಅವರ ಉತ್ತರ. ನಾನು ಮೂರು ದಿನ ಪುಸ್ತಕಗಳಲ್ಲಿ ಹುಡುಕಿದರೂ ಇದಕ್ಕಿಂತ ಒಳ್ಳೆಯ ವಿವರಣೆ ಸಿಗಲಿಲ್ಲ. ಗರಗಸದಿಂದ ಕೊಯ್ದು, ನಾಲ್ಕು ಮುಖವೂ ಸಮವಾಗಿರುವ, ಮೊಳೆಯಿಂದ ಬಡಿದು, ಅಳತೆಯ ಅಂತರದಲ್ಲಿ ಕೂರಿಸುವ ಪಟ್ಟಿ ರೀಪು. ಕೈಯಿಂದ ಸೀಳಿ, ಅಂದಾಜಿನಿಂದ ಕಟ್ಟುವುದು ದಬ್ಬೆ. ಬಡಗಿಗಳು ಎರಡು ಮಾತುಗಳನ್ನು ಇಟ್ಟುಕೊಂಡದ್ದು ಅವರ ಕೈಯಲ್ಲಿ ಎರಡು ವಸ್ತುಗಳಿದ್ದುದರಿಂದ. ನನ್ನ ವಿದ್ಯಾರ್ಥಿ ತಿದ್ದಿ ಬರೆದ ‘ಮರದ ಸಣ್ಣ ಪಟ್ಟಿ’ ಎಂಬುದು ಇವೆರಡರ ನಡುವಿನ ವ್ಯತ್ಯಾಸವನ್ನೇ ಅಳಿಸಿಹಾಕಿತ್ತು. ನಾನು ಆ ಅಳಿಸುವಿಕೆಗೆ ಅಂಕ ಕೊಟ್ಟಿದ್ದೆ!

ರೀಪಿನ ಭಾಗ್ಯ ತೆರೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ದೊನಿ ಸೋದರರು ಒಂದರ ಅಂಚಿಗೆ ಇನ್ನೊಂದು ಕೊಂಡಿಯಂತೆ ಸೇರಿಕೊಳ್ಳುವ ಹೆಂಚನ್ನು ಕಂಡುಹಿಡಿದು 1841ರಲ್ಲಿ ಅದರ ಹಕ್ಕು ಪಡೆದರು. ಅದೇ ಬಗೆಯ ಹೆಂಚನ್ನು ನೇತ್ರಾವತಿಯ ಮಣ್ಣಿನಿಂದ ಮಾಡುವ ಕಾರ್ಖಾನೆಯನ್ನು ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ 1865ರಲ್ಲಿ ಮಂಗಳೂರಿನಲ್ಲಿ ಪ್ರಾರಂಭಿಸಿದರು. ‘ಮಂಗಳೂರು ಹೆಂಚು’ ಎಂಬ ಹೆಸರು ಲೋಕಪ್ರಸಿದ್ಧವಾದದ್ದು ಹೀಗೆ. ಈ ಹೆಂಚಿನ ಹೊಟ್ಟೆಯ ಭಾಗದಲ್ಲಿ ಸಣ್ಣ ಗುಬುಟುಗಳಿರುತ್ತವೆ. ಅವು ರೀಪಿನ ಅಂಚಿಗೆ ಸಿಕ್ಕಿಕೊಂಡಾಗ ಹೆಂಚು ಜಾರದೆ ನಿಲ್ಲುತ್ತದೆ. ರೀಪಿನಿಂದ ರೀಪಿಗೆ ಇರುವ ಅಂತರ ಒಂದು ಅಡಿಗಿಂತ ತುಸು ಹೆಚ್ಚು. ಅದು ಅರ್ಧ ಇಂಚು ತಪ್ಪಿದರೂ ಹೆಂಚಿನ ಸಾಲು ಕೂಡಿಕೊಳ್ಳುವುದಿಲ್ಲ. ಹೆಂಚು ಹೋದಲ್ಲೆಲ್ಲ ರೀಪು ಹೋಯಿತು, ರೀಪು ಹೋದಲ್ಲೆಲ್ಲ ಅದರ ಹೆಸರೂ ಹೋಯಿತು. ಗೋವೆಯ ಮಾತು, ಫ್ರಾನ್ಸಿನ ಯುಕ್ತಿ, ಜರ್ಮನರ ಕಾರ್ಖಾನೆ, ನೇತ್ರಾವತಿಯ ಮಣ್ಣು, ನಮ್ಮ ಬಡಗಿಯ ಕೈ: ಇವೆಲ್ಲ ಕೂಡಿದಾಗ ನಾವು ‘ನಮ್ಮ ಹಳೆಯ ಕಾಲದ ಮನೆ’ ಎಂದು ಅಭಿಮಾನದಿಂದ ಹೇಳುವ ಮನೆಯಾಯಿತು. ಆ ಬಾಸೆಲ್ ಮಿಶನ್ನಿನವರೇ 1894ರಲ್ಲಿ ಕಿಟ್ಟೆಲ್ಲರ ಕನ್ನಡ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿದರೆಂಬುದನ್ನು ನೆನೆದರೆ, ನಮ್ಮ ಹೆಂಚೂ ನಮ್ಮ ಪದಕೋಶವೂ ಒಂದೇ ಅಂಗಳದಿಂದ ಬಂದವೆಂದು ಹೇಳಬಹುದು.

ಆಂಗ್ಲರು ಪಡುವಣ ತೀರದ ಕೆಲಸಗಾರರ ಬಾಯಿಂದ ರೀಪ್ ಎಂಬುದನ್ನು ಕೇಳಿ, ತಮ್ಮ ಭಾಷೆಯಲ್ಲಿ ಮೊದಲೇ ಇದ್ದ ರೀಪರ್ ಎಂಬ ಮಾತಿನ ಅಂಗಿಯನ್ನು ಅದಕ್ಕೆ ತೊಡಿಸಿದರು. ಲೆಕ್ಕಪಟ್ಟಿಗಳ ಮೂಲಕ ಅದು ಬೆಂಗಳೂರಿನ ಮರದ ಅಂಗಡಿಗೆ ಬಂತು. ಹೀಗೆ ಒಂದೇ ಮಾತು ಎರಡು ಬಾಗಿಲುಗಳಿಂದ ಕನ್ನಡದ ಮನೆಯನ್ನು ಹೊಕ್ಕಿದೆ: ಕರಾವಳಿಯ ಹಿತ್ತಿಲ ಬಾಗಿಲಿನಿಂದ ರೀಪು, ಕಚೇರಿಯ ತಲೆಬಾಗಿಲಿನಿಂದ ರೀಪರ್. ನಾನು ತಲೆಬಾಗಿಲಿನಲ್ಲಿ ಕಂಡವನನ್ನು ನೋಡಿ, ಅವನಿಗಿಂತ ಮೊದಲೇ ಬಂದು ಮನೆಯವನಾಗಿದ್ದವನನ್ನು ಹೊರಗೆ ಹಾಕಿದ್ದೆ.

ನಗಬೇಕಾದ ಸಂಗತಿ ಮುಂದಿದೆ. ಆ ಪ್ರಬಂಧದಲ್ಲಿ ಹುಡುಗ ಬಳಸಿದ್ದ ಉಳಿದ ಮಾತುಗಳನ್ನು ನೆನಪಿಸಿಕೊಂಡೆ. ಗೋಡೆ ಕಟ್ಟಿದ ಮೇಸ್ತ್ರಿ, ಎದುರಿನ ವರಾಂಡ, ಗಾಳಿ ಬರುವ ಜನೆಲು, ಬಟ್ಟೆಯಿಡುವ ಅಲಮಾರು, ಅದರ ಚಾವಿ. ಇವುಗಳಲ್ಲಿ ಒಂದಕ್ಕೂ ನಾನು ಗೀಟು ಹಾಕಿರಲಿಲ್ಲ. ಮೇಸ್ತ್ರಿ ಎಂಬುದು ‘ಮೆಸ್ತ್ರೆ’, ಜನೆಲು ‘ಜನೆಲ’, ಅಲಮಾರು ‘ಅರ್ಮಾರಿಯೊ’, ಚಾವಿ ‘ಶಾವೆ’; ಎಲ್ಲವೂ ರೀಪಿನ ಒಡಹುಟ್ಟುಗಳೇ, ಅದೇ ಹಡಗಿನಲ್ಲಿ ಬಂದವುಗಳೇ. ಶಾಲೆಯ ವ್ಯಾಕರಣದಲ್ಲಿ ದೇಶ್ಯ, ಅನ್ಯದೇಶ್ಯ, ತತ್ಸಮ, ತದ್ಭವ ಎಂದು ಪದಗಳನ್ನು ವಿಂಗಡಿಸಿ ಪಾಠ ಹೇಳುವವನು ನಾನು. ಆದರೆ ಮನೆಯಲ್ಲಿ ನಾನು ದಿನವೂ ಬಳಸುವ ವಸ್ತುವಿನ ಹೆಸರು ಕನ್ನಡವೆಂದೂ, ಬಡಗಿ ಮಾತ್ರ ಬಳಸುವ ವಸ್ತುವಿನ ಹೆಸರು ಪರಕೀಯವೆಂದೂ ನನ್ನ ಕೆಂಪು ಮಸಿ ಹೇಳಿತ್ತು. ಅದು ವ್ಯಾಕರಣವಲ್ಲ, ಬರಿಯ ಅಪರಿಚಯ. ಅಪರಿಚಯಕ್ಕೆ ಅಧಿಕಾರ ಸೇರಿದರೆ ಎಷ್ಟು ಸುಲಭವಾಗಿ ತೀರ್ಪಾಗಿಬಿಡುತ್ತದೆ!

ಅನ್ಯಭಾಷೆಯ ಮಾತುಗಳನ್ನು ಕಣ್ಣುಮುಚ್ಚಿ ತುಂಬಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಇದ್ದ ಮಾತನ್ನು ಬಿಟ್ಟು, ಡೌಲಿಗಾಗಿ ತಂದುಕೊಳ್ಳುವ ಮಾತುಗಳ ಬಗೆಗೆ ನನ್ನ ಕೋಪ ಮೊದಲಿನಂತೆಯೇ ಇದೆ. ಆದರೆ ಒಂದು ಮಾತು ಯಾರ ಹೊಟ್ಟೆಯಲ್ಲಿ ಹುಟ್ಟಿತೆಂಬುದಕ್ಕಿಂತ, ಯಾರ ಮನೆಯಲ್ಲಿ ದುಡಿಯಿತೆಂಬುದನ್ನು ನೋಡುವುದು ನ್ಯಾಯ. ರೀಪು ತಲೆಮಾರುಗಟ್ಟಲೆ ನಮ್ಮ ಮಾಡಿನ ಕೆಳಗೆ, ಹೆಂಚಿನ ಭಾರ ಹೊತ್ತು, ಒಂದು ಕಸುಬಿನ ವಿವೇಕವನ್ನು ಕಾಪಾಡಿಕೊಂಡು ಬಂದ ಮಾತು.

ಮೂರನೆಯ ದಿನ ಸಂಜೆ ಕೆಲಸ ಮುಗಿಯಿತು. ಗಟ್ಟಿಯಿದ್ದ ಪಕ್ಕಾಸುಗಳನ್ನು ಬೇರೊಬ್ಬರು ಕೊಂಡುಕೊಂಡರು. ರೀಪುಗಳನ್ನು ಯಾರೂ ಕೇಳಲಿಲ್ಲ. ಅವು ಬಚ್ಚಲೊಲೆಗೆ ಹೋದವು. ಒಂದನ್ನು ಮಾತ್ರ ನಾನು ಎತ್ತಿಟ್ಟುಕೊಂಡೆ. ಆಚಾರ್ರನ್ನು ಮನೆಗೆ ಬಿಡಲು ಹೋದಾಗ ಅವರ ಮಗ ಅಂಗಳದಲ್ಲಿಯೇ ಇದ್ದ. ಈಗ ಅವನದು ಕಬ್ಬಿಣದ ಕೆಲಸ. ತಾರಸಿಯ ಮನೆಗಳ ಮೇಲೆ ಮಳೆಗೆ ತಡೆಯಾಗಿ ಕಬ್ಬಿಣದ ಮಾಡುಗಳನ್ನು ಕೂರಿಸುತ್ತಾನೆ. ಸಂಕೋಚವನ್ನು ನುಂಗಿಕೊಂಡು ನಾನು ಹೇಳಿದೆ: “ಅವತ್ತು ನಿನ್ನ ಪ್ರಬಂಧದಲ್ಲಿ ನಾನು ಗೀಟು ಹಾಕಿದ್ದು ತಪ್ಪು ಮಾರಾಯ. ರೀಪು ಸರಿಯಾಗಿಯೇ ಇತ್ತು. ಪಕ್ಕಾಸೂ ಸರಿಯಾಗಿತ್ತು.”

ಅವನು ನಾಚಿಕೊಂಡು, “ಅದೆಲ್ಲ ಯಾವ ಕಾಲದ್ದು ಸಾರ್, ಬಿಡಿ” ಎಂದ. ಅಷ್ಟರಲ್ಲಿ ಅವನ ಕೈಕೆಳಗಿನ ಹುಡುಗ ಬಂದು ಏನೋ ಕೇಳಿದ. ಇವನು ಗೋಡೆಗೆ ಒರಗಿಸಿದ್ದ ಚೌಕ ಕೊಳವೆಗಳ ಕಡೆಗೆ ಕೈತೋರಿಸಿ, “ದಪ್ಪದ್ದು ಪಕ್ಕಾಸಿಗೆ. ಸಣ್ಣದ್ದನ್ನು ರೀಪಿಗೆ ಕೊಯ್ಯಿ. ಅಳತೆ ತಪ್ಪಬೇಡ” ಎಂದ.

ಮರ ಹೋಗಿ ಕಬ್ಬಿಣ ಬಂದಿತ್ತು. ಮಾತು ಅಲ್ಲಿಯೇ ಇತ್ತು.